‘ಯೇಸುವೇ ಕರ್ತನು’: ದೃಢೀಕರಣ ತರಗತಿಯಲ್ಲಿ ಇದನ್ನು ಬಾಯಿಪಾಠದಾಚೆಗೆ ಕಲಿಸುವುದು ಹೇಗೆ?

ತರಗತಿ_ಟೀಚರ್ (ಪ್ರಶ್ನೆ)

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ಈ ಸಲ ದೃಢೀಕರಣಕ್ಕೆ, ಅಂದರೆ ದೀಕ್ಷಾಸ್ನಾನದ ಮಾತನ್ನು ತಾವೇ ಒಪ್ಪಿ ಹೇಳುವ ವಿಧಿಗೆ, 9 ಮಕ್ಕಳಿದ್ದಾರೆ, 15ರಿಂದ 17 ವಯಸ್ಸಿನವರು. ಆರಾಧನೆ ಮುಗಿದ ಮೇಲೆ ತಲಾ ಒಂದು ಗಂಟೆ, ಒಟ್ಟು 8 ಭಾನುವಾರ ಸಿಗುತ್ತದೆ. ಕೊನೆಗೆ ಬಿಷಪ್ಪರ ಮುಂದೆ, ಇಡೀ ಸಭೆಯ ಮುಂದೆ ನಿಂತು ಯೇಸುವನ್ನು ರಕ್ಷಕನೂ ಕರ್ತನೂ ಎಂದು ಒಪ್ಪಿಕೊಳ್ಳಬೇಕು. ವಿಶ್ವಾಸಪ್ರಮಾಣ, ಹತ್ತು ಆಜ್ಞೆ, ಕರ್ತನ ಪ್ರಾರ್ಥನೆ ಎಲ್ಲರಿಗೂ ಬರುತ್ತದೆ. ತೊಂದರೆ ಇರುವುದು ಮೂರು ಕಡೆ.

‘ಕರ್ತ’ ಎಂದರೇನು ಅಂತ ಕೇಳಿದರೆ ಬರುವ ಉತ್ತರ: ಕರ್ತೃ, ಕರ್ಮ, ಕ್ರಿಯಾಪದದಲ್ಲಿ ಬರೋದು. ತಮಾಷೆಗೆ ಹೇಳಿದ್ದಲ್ಲ, ಶಾಲೆಯಲ್ಲಿ ಆ ಪದ ಕಿವಿಗೆ ಬೀಳುವುದು ಅಲ್ಲೊಂದೇ ಕಡೆ.

ಎರಡನೆಯದು, ಬೇಸಿಗೆ ಶಿಬಿರಗಳಲ್ಲಿ ಕೆಲವರು ಈಗಾಗಲೇ ಮೂರು ಮೂರು ಸಲ ಕೈ ಎತ್ತಿ ಯೇಸುವಿಗೆ ತಮ್ಮ ಬದುಕಿನ ‘ಸಮರ್ಪಣೆ’ ಮಾಡಿದ್ದಾರೆ. ಇದು ನಾಲ್ಕನೆಯದಾ ಅಂತ ಕೇಳುತ್ತಾರೆ.

ಮೂರನೆಯದು, ಬದುಕಿನಲ್ಲಿ ಇದನ್ನು ತೋರಿಸಿ ಅಂದ ಕೂಡಲೇ ಸಿನಿಮಾ ನೋಡಬಾರದು, ಮೊಬೈಲ್ ಮುಟ್ಟಬಾರದು ಅನ್ನುವ ಬೇಡಗಳ ಪಟ್ಟಿ ಶುರುವಾಗುತ್ತದೆ. ಅದಾಗದ ಹಾಗೆ ಪಾಠ ಕಟ್ಟುವುದು ಹೇಗೆ?

---

ಗ್ರೀಕ್_ಕನ್ನಡ

ಟೀಚರ್, ಮೊದಲ ತೊಂದರೆ ಮಕ್ಕಳದ್ದಲ್ಲ, ಭಾಷಾಂತರದ್ದು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇರುವುದು ಒಂದೇ ಪದ, ಕ್ಯೂರಿಯೊಸ್. ನಮ್ಮ ಹಳೇ ಸತ್ಯವೇದದಲ್ಲಿ ಅದು ಸಂದರ್ಭ ನೋಡಿಕೊಂಡು ಕರ್ತ, ಸ್ವಾಮಿ, ಒಡೆಯ ಅಂತ ಹರಿದು ಹಂಚಿಹೋಗಿದೆ. ಜನ ಯೇಸುವನ್ನು ಎದುರಿಗೆ ಕರೆಯುವಲ್ಲಿ ‘ಸ್ವಾಮೀ’, ಪೌಲನ ಪತ್ರಗಳಲ್ಲಿ ‘ಕರ್ತನು’. ಹೀಗಾಗಿ ಮತ್ತಾಯ 7:21ರಲ್ಲಿ ಬರೀ ‘ಸ್ವಾಮೀ, ಸ್ವಾಮೀ’ ಅನ್ನುವವರಿಗೆ ಕೊಟ್ಟ ಎಚ್ಚರಿಕೆಗೂ ರೋಮಾಪುರ 10:9ರಲ್ಲಿ ‘ಕರ್ತನೆಂದು’ ಅರಿಕೆ ಮಾಡುವವನಿಗೆ ಕೊಟ್ಟ ವಾಗ್ದಾನಕ್ಕೂ ನಂಟಿದೆ ಅಂತ ಕನ್ನಡ ಓದುಗನಿಗೆ ಹೊಳೆಯುವುದೇ ಇಲ್ಲ. ಎರಡೂ ಕಡೆ ಪದ ಒಂದೇ. ಬಾಯಿಂದ ಹೇಳಲೇಬೇಕು ಅನ್ನುತ್ತದೆ ಒಂದು ವಚನ, ಬಾಯಿಂದ ಹೇಳಿದರಷ್ಟೇ ಸಾಲದು ಅನ್ನುತ್ತದೆ ಇನ್ನೊಂದು.

ಮೊದಲ ಭಾನುವಾರ ಹೀಗೆ ಮಾಡಿ. ಒಂದು ಹಾಳೆಯಲ್ಲಿ ಐದು ವಚನ ಬರೆದು ಜೆರಾಕ್ಸ್ ಕೊಡಿ: ಮತ್ತಾಯ 7:21, ಯೋಹಾನ 13:13, ಅಪೊಸ್ತಲರ ಕೃತ್ಯ 16:30–31, ರೋಮಾಪುರ 10:9, ಫಿಲಿಪ್ಪಿ 2:11. ಕ್ಯೂರಿಯೊಸ್ ಇರುವ ಕಡೆಯೆಲ್ಲ ಒಂದೇ ಬಣ್ಣದಲ್ಲಿ ಗೆರೆ ಎಳೆಸಿ. ಫಿಲಿಪ್ಪಿಯ ಸೆರೆಮನೆ ಅಧಿಕಾರಿ ಪೌಲ ಸೀಲರನ್ನೇ ಆ ಪದದ ಬಹುವಚನದಿಂದ ಕರೆಯುತ್ತಾನೆ, ನಾವು ‘ಸ್ವಾಮಿಗಳೇ’ ಅನ್ನುವ ಹಾಗೆ. ಅವರು ಕೊಡುವ ಉತ್ತರದಲ್ಲಿ ಕ್ಯೂರಿಯೊಸ್ ಒಬ್ಬನೇ, ಯೇಸು. ಮಕ್ಕಳು ಈ ತಿರುವನ್ನು ತಾವೇ ಹಿಡಿಯುತ್ತಾರೆ, ನೀವು ವಿವರಿಸಬೇಡಿ.

ಆಮೇಲೆ ಯೆಶಾಯ 45:23 ಓದಿಸಿ. ಎಲ್ಲರೂ ಮೊಣಕಾಲೂರುವುದು ನನಗೇ ಅಂತ ಅಲ್ಲಿ ಹೇಳುತ್ತಿರುವವನು ಯೆಹೋವ. ಅದೇ ಮಾತನ್ನು ಪೌಲ ಫಿಲಿಪ್ಪಿ 2:10–11ರಲ್ಲಿ ಯೇಸುವಿನ ಹೆಸರಿಗೆ ಹಚ್ಚುತ್ತಾನೆ. ಹೀಬ್ರೂ ಗ್ರಂಥದ ಹಳೆಯ ಗ್ರೀಕ್ ಅನುವಾದವನ್ನು ಓದುತ್ತಿದ್ದವರಿಗೆ ದೇವರ ಹೆಸರಿನ ಜಾಗದಲ್ಲಿ ಸಿಗುತ್ತಿದ್ದದ್ದೂ ಕ್ಯೂರಿಯೊಸ್ ಪದವೇ. ಆದ್ದರಿಂದ ‘ಯೇಸುವೇ ಕರ್ತನು’ ಅನ್ನುವುದು ಮೊದಲು ಆತ ಯಾರು ಅನ್ನುವ ಮಾತು, ನಾನೇನು ಮಾಡುತ್ತೇನೆ ಅನ್ನುವುದು ಅದರ ಬೆನ್ನಿಗೆ ಬರುವಂಥದ್ದು. ಬೇಡಗಳ ಪಟ್ಟಿ ಹುಟ್ಟುವುದೇ ಈ ಕ್ರಮ ತಿರುಗುಮುರುಗು ಆದಾಗ.

ಆ ಕಾಲದ ಬೀದಿಯಲ್ಲಿ ಅದೇ ಪದ ಕೈಸರನಿಗೂ ಸಲ್ಲುತ್ತಿತ್ತು. ಸುಮಾರು 155ರಲ್ಲಿ ಸ್ಮುರ್ನದ (ಈಗಿನ ತುರ್ಕಿಯ ಇಜ್ಮಿರ್) ಮುದುಕ ಬಿಷಪ್ ಪಾಲಿಕಾರ್ಪನನ್ನು ಹಿಡಿದು ತಂದವರು ಕೇಳಿದ್ದು ಇಷ್ಟೇ: ‘ಕೈಸರನೇ ಕರ್ತ’ ಅಂದು ಒಂದು ಚಿಟಿಕೆ ಧೂಪ ಹಾಕಿಬಿಡು. 86 ವರ್ಷ ಆತನ ಸೇವೆ ಮಾಡಿದ್ದೇನೆ, ಆತ ನನಗೆ ಕೆಡುಕು ಮಾಡಿಲ್ಲ ಅಂತ ಹೇಳಿ ಆ ಮುದುಕ ಸತ್ತ. ಇದನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಿ. ಹಿಗ್ಗಿಸಿದರೆ ‘ನಮ್ಮನ್ನು ಯಾರೂ ಕೊಲ್ಲಲ್ವಲ್ಲ ಸರ್’ ಅಂತ ಮಕ್ಕಳು ನಿರಾಳವಾಗಿಬಿಡುತ್ತಾರೆ.

‘ಕರ್ತ’ ಪದಕ್ಕೆ ನಮ್ಮ ನೆಲದಲ್ಲೇ ಒಂದು ಹಳೆಯ ಅರ್ಥ ಇದೆ, ಅದನ್ನು ಬಳಸಿಕೊಳ್ಳಿ. ಹದಿನೆಂಟನೇ ಶತಮಾನದ ಮೈಸೂರಿನಲ್ಲಿ ‘ಕರ್ತರು’ ಅಂದರೆ ಅರಸರು. 1734ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ಕೃಷ್ಣರಾಜ ಒಡೆಯರು 1766ರವರೆಗೆ ಕರ್ತರಾಗಿಯೇ ಇದ್ದರು. ರಾಜ್ಯ ನಡೆಸಿದ್ದು ಮೊದಲು ದಳವಾಯಿ (ಸೇನಾಪತಿ) ದೇವರಾಜಯ್ಯ ಮತ್ತವರ ತಮ್ಮ ನಂಜರಾಜಯ್ಯ, 1761ರಿಂದ ಹೈದರ್ ಅಲಿ. ಸಿಂಹಾಸನದ ಮೇಲೆ ಒಬ್ಬರು, ಬೊಕ್ಕಸದ ಕೀಲಿಕೈ ಇನ್ನೊಬ್ಬರ ಹತ್ತಿರ. ಕರ್ತರನ್ನು ಯಾರೂ ಇಳಿಸಲಿಲ್ಲ, ಅಪ್ಪಣೆ ಮಾತ್ರ ಕೇಳಲಿಲ್ಲ. ‘ನಿನ್ನೊಳಗೆ ದಳವಾಯಿ ಯಾರು?’ ಅಂತ ಕೇಳಿದರೆ ಹೈಸ್ಕೂಲಿನ ಹುಡುಗನಿಗೂ ಪ್ರಶ್ನೆ ಅರ್ಥವಾಗುತ್ತದೆ.

‘ಧಣಿ’, ‘ಯಜಮಾನ’ ಪದಗಳನ್ನು ಮಾತ್ರ ನೋಡಿಕೊಂಡು ಬಳಸಿ. ಜೀತದ ನೆನಪಿರುವ ಮನೆಗಳ ಮಕ್ಕಳಿಗೆ ಧಣಿ ಅಂದರೆ ಬೈಗುಳದ ಪಕ್ಕದ ಪದ. ಅಂಥ ಕಡೆ ಯೋಹಾನ 13:13–14ನ್ನು ಮೊದಲು ಇಡಿ: ನೀವು ನನ್ನನ್ನು ಗುರು, ಕರ್ತ ಅನ್ನುತ್ತೀರಿ, ಸರಿಯಾಗಿಯೇ ಹೇಳುತ್ತೀರಿ ಅಂತ ಒಪ್ಪಿಕೊಂಡವನು ಆಗಷ್ಟೇ ಪರರ ಕಾಲು ತೊಳೆದು ಒರೆಸಿ ಬಂದು ಕುಳಿತಿದ್ದ.

---

ಸಭಾಪಾಲಕ_ಮಲೆನಾಡು

ಮೇಲಿನ ಪದದ ಪಾಠಕ್ಕೆ ಎರಡು ಭಾನುವಾರ ಕೊಡಿ. ಮೂರನೆಯದು ಪುನರುತ್ಥಾನಕ್ಕೆ. ರೋಮಾಪುರ 10:9ರ ಮೊದಲ ಅರ್ಧವನ್ನು ಎಲ್ಲರೂ ಹೇಳುತ್ತಾರೆ, ದೇವರು ಆತನನ್ನು ಸತ್ತವರೊಳಗಿಂದ ಎಬ್ಬಿಸಿದನು ಅನ್ನುವ ಎರಡನೇ ಅರ್ಧ ಬಿಟ್ಟುಹೋಗುತ್ತದೆ. ಸತ್ತುಹೋದ ಒಡೆಯನ ಮಾತನ್ನು ಗೌರವಿಸಬಹುದು, ಆತನ ಅಪ್ಪಣೆ ಕೇಳಲಾಗುವುದಿಲ್ಲ. ನಾಲ್ಕನೇ ವಾರ ಪಾದ ತೊಳೆಯುವ ಭಾಗ. ಐದು, ಆರು, ಏಳು ಅಭ್ಯಾಸಕ್ಕೆ. ಎಂಟನೆಯದು ಆರಾಧನೆಯ ತಾಲೀಮಿಗೆ.

ಐದನೇ ವಾರ ಪ್ರತಿಯೊಬ್ಬರಿಗೂ ಒಂದು ಎ4 ಹಾಳೆ ಕೊಟ್ಟು ನಾಲ್ಕು ಭಾಗವಾಗಿ ಮಡಿಸಲು ಹೇಳಿ. ನನ್ನ ಸಮಯ, ನನ್ನ ದುಡ್ಡು, ನನ್ನ ಜನ, ಯಾರಿಗೂ ಕಾಣದ ಜಾಗ. 20 ನಿಮಿಷ ಮಾತಿಲ್ಲದೆ ಬರೆಯಲಿ. ಸಮಯದ ಭಾಗಕ್ಕೆ ಊಹೆ ಬೇಡ, ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಟೈಮ್ ನೋಡಿ ವಾರದ ಗಂಟೆ ಬರೆಯಲಿ. ದುಡ್ಡಿನ ಭಾಗದಲ್ಲಿ ಕಳೆದ ತಿಂಗಳು ಕೈಗೆ ಬಂದದ್ದೆಷ್ಟು, ಹೋದದ್ದೆಲ್ಲಿಗೆ. ಹಾಳೆ ಅವರ ಹತ್ತಿರವೇ ಇರಲಿ. ನೀವು ನೋಡಬಾರದು, ತೆಗೆದುಕೊಳ್ಳಬಾರದು, ಗುಂಪಿನಲ್ಲಿ ಓದಿಸಬಾರದು. ಓದಿಸುತ್ತೀರಿ ಅಂತ ಅನುಮಾನ ಬಂದರೂ ಸಾಕು, ನಾಲ್ಕನೇ ಭಾಗದಲ್ಲಿ ‘ಕೋಪ, ಸೋಮಾರಿತನ’ ಅಂತ ಎಲ್ಲರ ಹಾಳೆಯಲ್ಲೂ ಒಂದೇ ಬರುತ್ತದೆ.

ಆಮೇಲೆ ನಾಲ್ಕರಲ್ಲಿ ಒಂದು ಭಾಗ, ಅದರಲ್ಲಿ ಒಂದೇ ಒಂದು ವಿಷಯ ಆರಿಸಬೇಕು. ಅದಕ್ಕೆ ಮೂರು ಅಳತೆ: ಏಳು ದಿನದೊಳಗೆ ಮುಗಿಯುವಂಥದ್ದಿರಬೇಕು, ಒಬ್ಬರ ಹೆಸರೋ, ಒಂದು ಮೊತ್ತವೋ, ವಾರದ ಒಂದು ದಿನವೋ ಅದರಲ್ಲಿ ಇರಬೇಕು, ಆಯಿತೋ ಇಲ್ಲವೋ ಅಂತ ಬೇರೆಯವರೂ ಹೇಳುವ ಹಾಗಿರಬೇಕು. ‘ಇನ್ನು ಮೇಲೆ ಪ್ರಾಮಾಣಿಕವಾಗಿರುತ್ತೇನೆ’ ಅನ್ನುವುದು ಈ ಅಳತೆಯಲ್ಲಿ ಬಿದ್ದುಹೋಗುತ್ತದೆ. ‘ಗೆಳೆಯನದ್ದು ನೋಡಿ ಬರೆದ ಫಿಸಿಕ್ಸ್ ರೆಕಾರ್ಡಿನ 3 ಪ್ರಯೋಗಗಳನ್ನು ಗುರುವಾರದೊಳಗೆ ನಾನೇ ಮಾಡಿ ಬರೆಯುತ್ತೇನೆ’ ಅನ್ನುವುದು ನಿಲ್ಲುತ್ತದೆ.

ದುಡ್ಡಿನ ವಿಷಯಕ್ಕೆ ತೆರಿಗೆ ವಸೂಲಿಯ ಜಕ್ಕಾಯನಿಗಿಂತ ಒಳ್ಳೆಯ ಮೇಷ್ಟ್ರಿಲ್ಲ. ಲೂಕ 19:8ರಲ್ಲಿ ಆತ ‘ಸ್ವಾಮೀ’ ಅಂದದ್ದರ ಜೊತೆಗೇ ಲೆಕ್ಕ ಹೇಳುತ್ತಾನೆ: ಆಸ್ತಿಯ ಅರ್ಧ ಬಡವರಿಗೆ, ಅನ್ಯಾಯವಾಗಿ ಎತ್ತಿದ್ದಕ್ಕೆ ನಾಲ್ಕರಷ್ಟು ವಾಪಸ್. ಯಾಜಕಕಾಂಡ 6:5ರ ಪ್ರಕಾರ ಅಸಲಿನ ಮೇಲೆ ಐದನೇ ಒಂದು ಪಾಲು ಸೇರಿಸಿಕೊಟ್ಟರೆ ಸಾಕಿತ್ತು. ಅಪ್ಪನ ಅಂಗಿಯ ಜೇಬಿನಿಂದ ₹200 ತೆಗೆದ ಹುಡುಗನಿಗೆ ಆ ಲೆಕ್ಕದಲ್ಲಿ ₹240, ಜಕ್ಕಾಯನ ಲೆಕ್ಕದಲ್ಲಿ ₹800. ಬೋರ್ಡಿನ ಮೇಲೆ ಬರೆದು ತೋರಿಸಿ. ಆದರೆ ಇದನ್ನು ದಂಡ ಅಂತ ಕಲಿಸಿದರೆ ಕೆಟ್ಟಿತು. ಯೇಸು ಅವನ ಮನೆಗೆ ಕಾಲಿಟ್ಟದ್ದು ಮೊದಲು, ಲೆಕ್ಕ ಬಂದದ್ದು ಆಮೇಲೆ. ಹುಡುಗ ₹200 ಅನ್ನೇ ಕೊಟ್ಟು ಅಪ್ಪನ ಮುಖ ನೋಡಿ ಹೇಳಿದರೂ ಧಾರಾಳ ಆಯಿತು.

ಆರನೇ ವಾರ ‘ಮಾಡಿದಿರಾ?’ ಅಂತ ಒಬ್ಬೊಬ್ಬರನ್ನೇ ಕೇಳಬೇಡಿ. ‘ಎಲ್ಲಿ ಸಿಕ್ಕಿಕೊಂಡಿತು?’ ಅಂತ ಎಲ್ಲರನ್ನೂ ಸೇರಿಸಿ ಕೇಳಿ. ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಮೂರು ಕಡೆ. ಆರಿಸಿದ್ದು ಜಾಸ್ತಿ ದೊಡ್ಡದಾಗಿತ್ತು. ಇಲ್ಲವೇ ಆ ಕೆಲಸದಲ್ಲಿ ಇನ್ನೊಬ್ಬರ ಗುಟ್ಟೂ ಸೇರಿತ್ತು, ಆಗ ಅವರನ್ನು ಕೇಳದೆ ಮುಂದುವರಿಯಬಾರದು. ಇಲ್ಲವೇ ಸುಮ್ಮನೆ ಧೈರ್ಯ ಸಾಲಲಿಲ್ಲ, ಅದಕ್ಕೆ ದಿನಾಂಕ ಮುಂದೆ ಹಾಕಿ, ಜೊತೆಗೆ ಒಬ್ಬರನ್ನು ಕಳಿಸಿ.

ಇನ್ನು ನಾಲ್ಕನೇ ಸಮರ್ಪಣೆಯ ಪ್ರಶ್ನೆ. ದೀಕ್ಷಾಸ್ನಾನ ಒಂದೇ ಸಲ. ದೃಢೀಕರಣ ಅಂದರೆ ಅಂದು ತಂದೆತಾಯಿ, ಸಾಕ್ಷಿಗಳು ನಿಮ್ಮ ಪರವಾಗಿ ಕೊಟ್ಟ ಮಾತನ್ನು ಈಗ ನಿಮ್ಮ ಬಾಯಲ್ಲೇ ಹೇಳುವುದು. ಪಶ್ಚಾತ್ತಾಪಕ್ಕೆ ಮಾತ್ರ ಲೆಕ್ಕವಿಲ್ಲ. 1517ರ ತೊಂಬತ್ತೈದು ವಾದಗಳಲ್ಲಿ ಸಭಾ ಸುಧಾರಕ ಲೂಥರ್ ಇಟ್ಟ ಮೊದಲನೆಯದೇ ಅದು, ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪ ಅಂತ. ಶಿಬಿರದಲ್ಲಿ ಕೈ ಎತ್ತಿದ್ದನ್ನು ಸುಳ್ಳು ಅನ್ನಬೇಡಿ. ಎಡವಿದಾಗಲೆಲ್ಲ ‘ಹಿಂದಿನದು ನಿಜವಾದ ಸಮರ್ಪಣೆ ಅಲ್ಲ, ಹೊಸದಾಗಿ ಮಾಡು’ ಅಂತ ಕಲಿಸಿರುವುದೇ ತೊಂದರೆ. ಹಾಗೆ ಕಲಿತ ಮಗು ತನ್ನ ಕಣ್ಣೀರಿನ ಬಿಸಿ ಅಳೆದುಕೊಳ್ಳುತ್ತಾ ಕೂರುತ್ತದೆ, ಕರ್ತನ ಕಡೆ ನೋಡುವುದಿಲ್ಲ. ಬಿದ್ದರೆ ಎದ್ದು, ಪಾಪ ಅರಿಕೆ ಮಾಡಿದರೆ ದೇವರು ಕ್ಷಮಿಸುತ್ತಾನೆ ಅನ್ನುವ 1 ಯೋಹಾನ 1:9 ಹಿಡಿದು ನಡೆಯಲಿ, ಮತ್ತೆ ಮೊದಲಿನಿಂದ ಎಣಿಸುವುದು ಬೇಡ.

---

ಧರ್ಮೋಪದೇಶ_ಸಿಸ್ಟರ್

ನಮ್ಮ ಕಥೋಲಿಕ ಕಡೆಯಿಂದ ಒಂದು ಮಾತು. ನಮ್ಮ ಬೈಬಲಿನಲ್ಲಿ ‘ಪ್ರಭು’, ‘ಯೇಸುಸ್ವಾಮಿ’, ಅದೂ ಬಹುವಚನದಲ್ಲಿ: ಯೇಸು ಹೇಳಿದರು, ಕ್ರಿಸ್ತರು ಬಂದರು. ನಿಮ್ಮಲ್ಲಿ ಆತನು, ಹೇಳಿದನು. ಮಿಶ್ರ ಶಾಲೆಯ ಮಕ್ಕಳಿಗೆ ಇದರಿಂದ ಗೊಂದಲ ಆಗುತ್ತದೆ, ಒಂದೆರಡು ವಾಕ್ಯದಲ್ಲಿ ಹೇಳಿಬಿಡಿ. ಏಕವಚನ ಸಲಿಗೆಯಲ್ಲ, ಬಹುವಚನ ದೂರವೂ ಅಲ್ಲ.

ಅಯ್ಯನವರು ಹೇಳಿದ ಹಾಳೆ ಒಂದು ಸಲಕ್ಕೆ ಸರಿ, ದಿನವೂ ಮಾಡುವಂಥದ್ದೊಂದು ಬೇಕಲ್ಲ. ಲೊಯೊಲಾದ ಸಂತ ಇಗ್ನೇಷಿಯಸ್ 1548ರಲ್ಲಿ ಅಚ್ಚಾದ ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕದಲ್ಲಿ ಕೊಟ್ಟ ಆತ್ಮಶೋಧನೆಗೆ ಐದು ಮೆಟ್ಟಿಲು: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ತೀರ್ಮಾನ. ದೊಡ್ಡವರಿಗೆ 15 ನಿಮಿಷ, ಈ ವಯಸ್ಸಿಗೆ 7 ನಿಮಿಷ ಸಾಕು. ಮಕ್ಕಳು ಮೊದಲ ಮೆಟ್ಟಿಲು ಹಾರಿ ನೇರ ತಪ್ಪಿನ ಪಟ್ಟಿಗೆ ಇಳಿಯುತ್ತಾರೆ, ನಾಲ್ಕೇ ದಿನಕ್ಕೆ ಬೇಸತ್ತು ಬಿಡುತ್ತಾರೆ. 7ರಲ್ಲಿ 3 ನಿಮಿಷ ಕೃತಜ್ಞತೆಗೇ ಮೀಸಲಿಡಿ, ಅದೂ ಹೆಸರು ಹಿಡಿದು: ಇವತ್ತು ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಅಜ್ಜಿ, ಬಿಸಿಯಾಗಿದ್ದ ರೊಟ್ಟಿ. ಹಾಸಿಗೆಯಲ್ಲಿ ಮಲಗಿ ಮಾಡಿದರೆ ಮೂರನೇ ಮೆಟ್ಟಿಲಿಗೇ ನಿದ್ದೆ, ಊಟಕ್ಕೆ ಮುಂಚೆ ಕುಳಿತು ಮಾಡಲಿ.

ಕ್ರಿಸ್ತರಾಜರ ಹಬ್ಬದ ಹಿನ್ನೆಲೆಯನ್ನೂ ಹೇಳಬಹುದು. ಪೋಪ್ ಹನ್ನೊಂದನೇ ಪಯಸ್ ಅದನ್ನು ಸ್ಥಾಪಿಸಿದ್ದು 1925ರಲ್ಲಿ, ಇಟಲಿ ಮುಸೊಲಿನಿಯ ಕೈಯಲ್ಲಿದ್ದಾಗ. ನಿಮ್ಮ ಪ್ರೊಟೆಸ್ಟಂಟ್ ಕಡೆಯ ಜರ್ಮನ್ ಸಭೆಗಳವರು, ಹಿಟ್ಲರನ ಕಾಲದಲ್ಲಿ, 1934ರ ಮೇ ತಿಂಗಳಲ್ಲಿ ಬಾರ್ಮೆನ್‌ನಲ್ಲಿ ಸೇರಿ ಹೇಳಿದ್ದೂ ಅದರ ಹತ್ತಿರದ ಮಾತೇ: ಬದುಕಿನ ಯಾವ ಭಾಗವೂ ಕ್ರಿಸ್ತನದ್ದಲ್ಲದೆ ಬೇರೆ ಒಡೆಯರದ್ದಲ್ಲ.

---

ಮಕ್ಕಳ_ಸುರಕ್ಷೆ

ಮೂವರ ಮಾತೂ ಒಪ್ಪಿದೆ, ಆದರೆ ಒಂದು ಅಪಾಯವನ್ನು ಯಾರೂ ಮುಟ್ಟಲಿಲ್ಲ. ‘ಕರ್ತನಿಗೆ ವಿಧೇಯನಾಗು’ ಅಂತ ಕಲಿತ ಮಗುವಿಗೆ ಕರ್ತನ ಚಿತ್ತ ಇಂಥದ್ದು ಅಂತ ಹೇಳಲು ಯಾರೋ ಒಬ್ಬರು ಬರುತ್ತಾರೆ. ದಳವಾಯಿ ಕೆಲವೊಮ್ಮೆ ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಸತ್ಯವೇದ ಹಿಡಿದೇ ಬರುತ್ತಾನೆ. ಏಳನೇ ವಾರದಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಿ. ಪೌಲನೇ 2 ಕೊರಿಂಥ 1:24ರಲ್ಲಿ ನಿಮ್ಮ ನಂಬಿಕೆಯ ಮೇಲೆ ನಾವು ದೊರೆತನ ಮಾಡುವವರಲ್ಲ ಅನ್ನುತ್ತಾನೆ, ರೋಮಾಪುರ 14:4ರಲ್ಲಿ ಬೇರೊಬ್ಬನ ಸೇವಕನ ಬಗ್ಗೆ ತೀರ್ಪು ಕೊಡಲು ನೀನು ಯಾರು ಅಂತ ಕೇಳುತ್ತಾನೆ.

ಮಕ್ಕಳಿಗೆ ಈ ಗುರುತುಗಳನ್ನು ನೇರವಾಗಿ ಹೇಳಿ. ‘ಇದನ್ನು ಮನೆಯಲ್ಲಿ ಹೇಳಬೇಡ’ ಅನ್ನುವವರು ಕರ್ತನ ಪರವಾಗಿ ಮಾತಾಡುತ್ತಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸುವುದೇ ನಂಬಿಕೆ ಅನ್ನುವವರ ಮಾತು ಕೇಳಬಾರದು. ಫಿಟ್ಸ್, ಸಕ್ಕರೆ ಕಾಯಿಲೆಯ ಮಕ್ಕಳ ವಿಷಯದಲ್ಲಿ ಇದು ಜೀವಕ್ಕೇ ಸಂಚಕಾರ. ಕಾಣಿಕೆಗೆ ಅಂತ ಹೆದರಿಸಿ ದುಡ್ಡು ಕೇಳುವವರಿಗೆ ಕೊಡಬೇಕಿಲ್ಲ.

ನಾಲ್ಕನೇ ಭಾಗದ ವಿಷಯ. ‘ಯಾರಿಗೂ ಕಾಣದ ಜಾಗ’ದಲ್ಲಿ ಮಗು ತನ್ನ ತಪ್ಪನ್ನೇ ಬರೆಯುತ್ತದೆ ಅಂತೇನಿಲ್ಲ, ತನಗೆ ಬೇರೆಯವರು ಮಾಡಿದ್ದನ್ನೂ ಬರೆಯಬಹುದು. ಹಾಳೆ ಕೊಡುವ ಮೊದಲೇ ಹೇಳಿಬಿಡಿ: ನಿನಗೆ ಯಾರಾದರೂ ಮಾಡಿದ್ದು ನಿನ್ನ ಪಾಪವಲ್ಲ, ಹೇಳಬೇಕು ಅನಿಸಿದರೆ ನನ್ನ ಹತ್ತಿರ ಬಾ, ಆದರೆ ಯಾರಿಗೂ ಹೇಳಲ್ಲ ಅಂತ ನಾನು ಮಾತು ಕೊಡಲಾರೆ. 2012ರ ಪೋಕ್ಸೊ ಕಾಯ್ದೆ ಪ್ರಕಾರ, 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಸಭಾಪಾಲಕರಿಗೂ ಭಾನುವಾರ ಶಾಲೆ ಟೀಚರಿಗೂ. ಮಕ್ಕಳ ಸಹಾಯವಾಣಿ 1098 ಅನ್ನು ಬೋರ್ಡಿನ ಮೂಲೆಯಲ್ಲಿ ಎಂಟು ವಾರವೂ ಬರೆದಿಟ್ಟಿರಿ. ಕ್ಷಮಿಸು ಅಂತ ಅವಸರಪಡಿಸಿ ದೂರು ಮುಚ್ಚಿಹಾಕುವುದು ಮಗುವಿಗೂ ಸುವಾರ್ತೆಗೂ ಮಾಡುವ ಮೋಸ.

---

ತರಗತಿ_ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದಳವಾಯಿ ಪ್ರಶ್ನೆಯನ್ನೇ ಮುಂದಿನ ವಾರ ಹಾಕುತ್ತೇನೆ. ಇನ್ನೆರಡು ಅನುಮಾನ. ‘ನನ್ನ ಜನ’ ಅನ್ನುವ ಭಾಗದಲ್ಲಿ ಜಾತಿ ಬಂದೇ ಬರುತ್ತದೆ. ಸಭೆಯೊಳಗೇ ಯಾರ ಮನೆಗೆ ಊಟಕ್ಕೆ ಹೋಗಬೇಕು, ಎಲ್ಲಿ ಹೆಣ್ಣು ತರಬೇಕು ಅನ್ನುವುದೆಲ್ಲ ಇದೆ, ಮಕ್ಕಳಿಗೂ ಗೊತ್ತು. ಮುಟ್ಟಲೋ ಬೇಡವೋ? ಮತ್ತೆ, ಕೊನೆಯ ದಿನದ ಆ ಒಂದು ಪ್ರಶ್ನೆ, ಒಂದು ಉತ್ತರ ಯಾಂತ್ರಿಕ ಆಗದ ಹಾಗೆ ಏನು ಮಾಡಬಹುದು?

---

ಗ್ರೀಕ್_ಕನ್ನಡ

ಮುಟ್ಟಿ. ಯಾಕೋಬ 2:1–4 ತೆಗೆಯಿರಿ. ಪಕ್ಷಪಾತ ಬೇಡ ಅನ್ನುವ ಮೊದಲು ಯೇಸುವನ್ನು ಮಹಿಮೆಯುಳ್ಳ ಕರ್ತ ಅಂತ ಕರೆದೇ ಮಾತು ಶುರುವಾಗುತ್ತದೆ; ಕೂಡಲೇ ಯಾರಿಗೆ ಎಲ್ಲಿ ಕುಳಿತುಕೊಳ್ಳಲು ಹೇಳುತ್ತೀರಿ ಅನ್ನುವ ಲೆಕ್ಕ. ಅದಕ್ಕೆ ಎಫೆಸ 6:9 ಜೋಡಿಸಿ: ಅಲ್ಲಿ ಭೂಮಿಯ ಯಜಮಾನರಿಗೂ ಪರಲೋಕದಲ್ಲಿರುವ ಯಜಮಾನನಿಗೂ ಗ್ರೀಕಿನಲ್ಲಿ ಒಂದೇ ಪದ, ಆತನಿಗೆ ಮುಖದಾಕ್ಷಿಣ್ಯ ಇಲ್ಲ ಅಂತಲೂ ಇದೆ. ಹಿರಿಯರನ್ನು ಬೈಯುವ ಪಾಠ ಆಗಬಾರದು, ಮರುದಿನವೇ ಮನೆಗಳಿಂದ ಫೋನ್ ಬಂದು ತರಗತಿ ನಿಲ್ಲುತ್ತದೆ. ಮಕ್ಕಳ ಕೈಯಲ್ಲಿರುವುದನ್ನಷ್ಟೇ ಕೇಳಿ: ಯಾರ ಟಿಫಿನ್ ಬಾಕ್ಸಿಗೆ ಕೈ ಹಾಕುತ್ತೀಯ, ಯಾರದ್ದಕ್ಕೆ ಹಾಕಲ್ಲ?

---

ಸಭಾಪಾಲಕ_ಮಲೆನಾಡು

ಎರಡನೆಯದಕ್ಕೆ. ಎಂಟನೇ ವಾರ ಚರ್ಚಿನೊಳಗೇ ತಾಲೀಮು ಮಾಡಿಸಿ, ತರಗತಿ ಕೋಣೆಯಲ್ಲಿ ಬೇಡ. ಎಲ್ಲಿ ನಿಲ್ಲಬೇಕು, ಎಲ್ಲಿ ಮೊಣಕಾಲೂರಬೇಕು, ಬಿಷಪ್ಪರು ತಲೆಯ ಮೇಲೆ ಕೈ ಇಡುವಾಗ ಹೂವು, ಕ್ಲಿಪ್ಪು ಅಡ್ಡ ಬರದ ಹಾಗೆ ಜಡೆ ಹೇಗಿರಬೇಕು ಅಂತ ಎಲ್ಲ ಮೊದಲೇ ತೀರ್ಮಾನವಾಗಲಿ. ಇಲ್ಲದಿದ್ದರೆ ಆ ಹೊತ್ತಿನಲ್ಲಿ ಮಕ್ಕಳ ತಲೆಯಲ್ಲಿ ಇರುವುದು ಅದೇ. ಫೋಟೋ ತೆಗೆಯುವವರಿಗೆ ಹಿಂದಿನ ಸಾಲಿನಿಂದ ಮುಂದೆ ಬರಬೇಡಿ ಅಂತ ಹಿಂದಿನ ದಿನವೇ ಹೇಳಿ.

ಪ್ರಶ್ನೆಗೂ ಉತ್ತರಕ್ಕೂ ನಡುವೆ 30 ಸೆಕೆಂಡು ಮೌನ ಇರಲಿ ಅಂತ ಬಿಷಪ್ಪರ ಹತ್ತಿರ ಮುಂಚಿತವಾಗಿ ವಿನಂತಿಸಿಕೊಳ್ಳಿ. 30 ಸೆಕೆಂಡು ಅಲ್ಲಿ ನಿಂತವರಿಗೆ ಬಹಳ ಉದ್ದ. ಪಿಯಾನೊ, ಕೀಬೋರ್ಡ್ ಯಾವುದೂ ನುಡಿಯಬಾರದು, ಇಲ್ಲವೇ ಅದು ಶಿಬಿರದ ಕಣ್ಣೀರಿಗೆ ತಿರುಗುತ್ತದೆ. ಒಂಬತ್ತು ಮಂದಿಯೂ ಒಟ್ಟಿಗೆ ಹೇಳದೆ ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ ಉತ್ತರ ಕೊಡಲಿ, ಮೈಕು ಬೇಡ. ಇನ್ನೂ ಸಿದ್ಧವಿಲ್ಲ ಅನ್ನುವ ಮಗು ಇದ್ದರೆ ಆ ಭಾನುವಾರ ಸಭೆಯ ಜೊತೆ ಕುಳಿತಿರಲಿ, ಮುಂದಿನ ವರ್ಷ ಬರಲಿ. ಹೊಸ ಬಟ್ಟೆ ಹೊಲಿಸಿ ಆಗಿದೆ, ನೆಂಟರಿಗೆಲ್ಲ ಹೇಳಿ ಆಗಿದೆ ಅಂತ ತಂದೆತಾಯಿ ಒತ್ತಾಯ ಮಾಡುತ್ತಾರೆ. ಅವರ ಜೊತೆ ಏಳನೇ ವಾರದೊಳಗೇ ಮಾತಾಡಿ ಮುಗಿಸಿ, ದರ್ಜಿ ಅಳತೆ ತೆಗೆದುಕೊಳ್ಳುವ ಮೊದಲು ಆದರೆ ಇನ್ನೂ ಒಳ್ಳೆಯದು.